ಕೇಳಿದ್ದಕ್ಕಿಂತ ಮೇಲೆ

ಬೇಕರಿಯವನು ಗಾಳದ ಕೋಲನ್ನು ಎತ್ತಿ ಒಮ್ಮೆ ಬೀಸಿಯೇ ಬಿಟ್ಟ. ಕೋಲಿನ ತುದಿ ಸುಯ್ಯೆಂದು ಹೋಗಿ, ಚಾಪೆಯ ಮೇಲೆ ಮಲಗಿಸಿದ್ದ ಹೆಣದ ಮೂಗಿನಿಂದ ಒಂದು ಗೇಣು ಮೇಲೆ ನಿಂತು, ಅಲ್ಲೇ ಸಣ್ಣಗೆ ನಡುಗಿತು. ಸುತ್ತ ಕೂತಿದ್ದವರೆಲ್ಲ ದಡಕ್ಕನೆ ತಲೆ ತಗ್ಗಿಸಿದರು. ಅಲುಗದೆ ಇದ್ದವನು ಕೀಲಿಯಣ್ಣ ಒಬ್ಬನೇ, ಅವನಿಗೆ ಇನ್ನು ಅಂಥ ಅವಸರವೇನೂ ಇರಲಿಲ್ಲ.

"ಏನಯ್ಯಾ ಇದು, ಸಾವಿನ ಮನೇಲಿ?" ಎಂದು ಕೀಲಿಯಣ್ಣನ ಅಣ್ಣ ಕುರ್ಚಿಯಿಂದ ಅರ್ಧ ಎದ್ದರು. ಮೂವತ್ತು ವರ್ಷ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಬೆಳಗಿನಿಂದ ಈ ಸಾವನ್ನೂ ಕಚೇರಿಯ ಕೆಲಸದ ಹಾಗೆ ಅಚ್ಚುಕಟ್ಟಾಗಿ ನಡೆಸಲು ಹೆಣಗುತ್ತಿದ್ದರು.

"ತಪ್ಪಾಯ್ತು ಸಾರ್. ಅಭ್ಯಾಸಬಲ. ಕೈಗೆ ಕೋಲು ಬಂದ್ರೆ ಕೈ ಸುಮ್ನಿರಲ್ಲ."

"ಹಾಗೆಲ್ಲ ಬೀಸ್ಬೇಡಿ, ತುದಿ ಮುರಿದು ಹೋಗುತ್ತೆ," ಎಂದಳು ಬಾಗಿಲಲ್ಲಿ ನಿಂತಿದ್ದ ದಂತವೈದ್ಯೆ. ಕ್ಲಿನಿಕ್ಕಿನಿಂದ ನೇರ ಬಂದಿದ್ದಳು, ಬಿಳಿ ಕೋಟನ್ನೂ ಬಿಚ್ಚಿರಲಿಲ್ಲ. "ಅದು ನನ್ನ ಕೋಲು."

"ನಿಮ್ದಾ? ಯಾವಾಗಿಂದ?"

"ನಿನ್ನೆ ಬಂದು ತಗೋತೀನಿ ಅಂತ ಮಾತಾಗಿತ್ತು. ಎರಡು ಸಾವಿರಕ್ಕೆ. ಕೀಲಿಯಣ್ಣನೇ ಹೇಳಿದ ಬೆಲೆ."

"ಮಾತು ಕೊಟ್ಟೋರೇ ಹೋದ್ರಲ್ಲ ಡಾಕ್ಟ್ರೇ," ಎಂದ ಬೇಕರಿಯವನು. ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಕೋಲು ಇನ್ನೂ ಅವನ ಕೈಯಲ್ಲೇ ಇತ್ತು. "ನಾನಾದ್ರೆ ಎರಡೂವರೆ ಕೊಡ್ತಿದ್ದೆ."

ಮಾತು ಬಾಯಿಂದ ಜಾರಿದ ಮೇಲೆ ತಾನೇ ಬೆಚ್ಚಿ, ಕೋಲನ್ನು ಮೆಲ್ಲಗೆ ಮೂಲೆಗೆ ಒರಗಿಸಿ, ಕೈಕಟ್ಟಿ ನಿಂತುಕೊಂಡ. ಗೋಡೆಗೆ ಆತು ಮಗಳ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದ ಕೀಲಿಯಣ್ಣನ ಹೆಂಡತಿ ತಲೆ ಎತ್ತಿದಳು. ಅಳು ಅರ್ಧಕ್ಕೇ ನಿಂತಿತ್ತು. ಅವಳ ಕೈ ತಾನಾಗಿ ಸೊಂಟಕ್ಕೆ ಹೋಗಿ, ಅಲ್ಲಿ ಸಿಕ್ಕಿಸಿಕೊಂಡಿದ್ದ ಸಣ್ಣ ಬಟ್ಟೆಚೀಲವನ್ನು ತಡವಿ ನೋಡಿತು.

* * *

ಬೀಗ ತೆಗೆಯುವವನ ಬದುಕು ಬಾಗಿಲು ತೆರೆಯುವ ಮುಂಚೆ ಒಂದು ಥರ, ತೆರೆದ ಮೇಲೆ ಇನ್ನೊಂದು ಥರ. ಬಾಗಿಲು ಮುಚ್ಚಿರುವ ತನಕ ಅವನನ್ನು ಬಿಟ್ಟರೆ ಗತಿಯಿಲ್ಲ. ಒಳಗೆ ಒಲೆಯ ಮೇಲೆ ಹಾಲಿಟ್ಟು ಹೊರಗೆ ಸಿಕ್ಕಿಕೊಂಡವರು "ಎಷ್ಟಾದ್ರೂ ಕೊಡ್ತೀನಿ, ಬೇಗ ತೆಗೀರಿ ಅಣ್ಣ" ಎಂದು ಅಂಗಲಾಚುತ್ತಾರೆ. ಬೀಗ ಕಟಕ್ ಎಂದು ಬಾಯಿ ಬಿಟ್ಟಿತೋ, ಅದೇ ಬಾಯಿಗಳು "ಎರಡು ನಿಮಿಷದ ಕೆಲಸಕ್ಕೆ ಇಷ್ಟಾ?" ಎನ್ನುತ್ತವೆ. ಕೀಲಿಯಣ್ಣ ಊರಿನ ಅರ್ಧ ಬಾಗಿಲುಗಳನ್ನು ತೆಗೆದಿದ್ದ. ಕೇಳಿದಷ್ಟು ಕೂಲಿ ಕೊಟ್ಟ ಮನೆ ಯಾವುದೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದ.

"ಸ್ವಲ್ಪ ನಿಧಾನ ಮಾಡ್ರೀ. ಬೆವರು ಒರೆಸ್ಕೊಳ್ಳಿ, ಹತ್ತು ನಿಮಿಷ ತಿಣುಕಾಡಿ. ಆಮೇಲೆ ತೆಗೀರಿ," ಎಂದು ಹೆಂಡತಿ ಹೇಳಿಕೊಟ್ಟಿದ್ದಳು.

ಅವನು ಪ್ರಯತ್ನಿಸಿದ. ಸಂಜೆ ಮನೆಗೆ ಬಂದು ಸಪ್ಪೆ ಮುಖ ಮಾಡಿಕೊಂಡು ಹೇಳಿದ: "ಏನ್ ಮಾಡ್ಲಿ, ತಂತಿ ಇಟ್ಟ ಕೂಡ್ಲೇ ತೆರ್ಕೊಂಡು ಬಿಡ್ತು."

ರಜೆ ಸಿಕ್ಕರೆ ಕೆರೆಯ ದಂಡೆ. ಬಿದಿರು ಸೀಳಿ, ಆರು ಸೀಳುಗಳನ್ನು ಅಂಟಿನಿಂದ ಒಂದಾಗಿಸಿ, ಕೆಂಪು ದಾರ ಸುತ್ತಿ ಗಾಳದ ಕೋಲುಗಳನ್ನು ತಾನೇ ಮಾಡಿಕೊಳ್ಳುತ್ತಿದ್ದ. ಹಿಡಿಕೆಗೆ ಬಾಟಲಿಯ ಬಿರಡೆಗಳನ್ನು ಪೋಣಿಸುತ್ತಿದ್ದ. ಒಂದೊಂದು ಕೋಲಿಗೂ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅದಕ್ಕೆ ಯಾರೂ ಕೂಲಿ ಕೊಡುವವರಿರಲಿಲ್ಲ, ಹಾಗಾಗಿ ಚೌಕಾಸಿ ಮಾಡುವವರೂ ಇರಲಿಲ್ಲ. ಆ ನೆಮ್ಮದಿಯಲ್ಲಿ ಕೋಲುಗಳು ಡಜನ್ನಿನ ಹತ್ತಿರ ಬಂದವು.

ಹೋದ ವರ್ಷ ಅವನ ಹೃದಯ ಕೈಕೊಟ್ಟಿತು. ಕೆರೆಯ ಏರಿ ಹತ್ತಕೂಡದು ಎಂದರು ವೈದ್ಯರು. ಒಂದು ವಾರ ಕೋಲುಗಳನ್ನು ನೋಡುತ್ತ ಕೂತವನು ಒಂದು ಬೆಳಿಗ್ಗೆ "ಮಾರಿಬಿಡ್ತೀನಿ, ನೀರು ಕಾಣದೆ ಒಣಗಿ ಹೋಗ್ತವೆ" ಎಂದು ಗೆಳೆಯರಿಗೆಲ್ಲ ಫೋನು ಮಾಡಿದ.

ಮೊದಲು ಬಂದವನು ಬೇಕರಿಯವನು. ಕೀಲಿಯಣ್ಣ ಅಂಜುತ್ತಂಜುತ್ತ ಎಂಟುನೂರು ಎಂದ. ಬೇಕರಿಯವನು ಕೋಲನ್ನು ಬಗ್ಗಿಸಿ, ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲುಗಿಸಿ, "ಅಣ್ಣ, ಇದನ್ನ ಎಂಟುನೂರಕ್ಕೆ ತಗೊಂಡು ಹೋದ್ರೆ ನನಗೆ ನಿದ್ದೆ ಬರಲ್ಲ. ಸಾವಿರ ಇಟ್ಕೊಳ್ಳಿ" ಎಂದ. ಕೀಲಿಯಣ್ಣ ಬೇಡ ಎಂದ. ಮತ್ತೆ ಬೇಡ ಎಂದ. ಮೂರನೆಯ ಸಲ ತೆಗೆದುಕೊಂಡ. ತೆಗೆದುಕೊಳ್ಳುವಾಗ ಅವನ ಕಿವಿಗಳು ಕೆಂಪಗಾಗಿದ್ದವು.

ಆಮೇಲೆ ಅಡುಗೆಮನೆಗೆ ಓಡಿ ಬಂದ. ಓಡಕೂಡದೆಂದು ವೈದ್ಯರು ಹೇಳಿದ್ದು ಇಬ್ಬರಿಗೂ ನೆನಪಾಗಲಿಲ್ಲ.

"ಕೇಳಿದ್ದಕ್ಕಿಂತ ಮೇಲೆ ಕೊಟ್ಟ ಕಣೇ. ನಾನು ಕೇಳ್ಲಿಲ್ಲ. ಅವನೇ ಕೊಟ್ಟ. ನಾನು ಬೇಡ ಬೇಡ ಅಂದೆ, ಕೇಳ್ಲೇ ಇಲ್ಲ."

ಅವತ್ತು ಹಾಲಿನವನಿಗೂ ಹೇಳಿದ, ಪತ್ರಿಕೆ ಹಾಕುವವನಿಗೂ ಹೇಳಿದ. ಊಟಕ್ಕೆ ಕೂತಾಗ ಬೇಕರಿಯವನ ಧ್ವನಿ ತೆಗೆದು ಮತ್ತೊಮ್ಮೆ ಹೇಳಿದ. ಮೇಲೆ ಬಂದ ಎರಡು ನೂರರ ನೋಟುಗಳನ್ನು ಹೆಂಡತಿಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದ. "ಇದು ಕೋಲಿನ ದುಡ್ಡಲ್ಲ. ಇದು ಬೇರೆ. ಇದು ನಿಂದು."

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನನ್ನು ಅಷ್ಟು ಸಂತೋಷವಾಗಿ ಅವಳು ನೋಡಿರಲಿಲ್ಲ. ಮಗಳು ಹುಟ್ಟಿದ ದಿನವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅಷ್ಟೇ.

ಎರಡನೆಯವನು ಡ್ರೈವಿಂಗ್ ಸ್ಕೂಲಿನವನು. ಅವನ ಕೈ ಬಲು ಬಿಗಿ, ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಾತಿ. ಕೀಲಿಯಣ್ಣ ಆರುನೂರು ಎಂದ ಕೋಲನ್ನು ಉಗುರಿನಿಂದ ಕೆರೆದು, ಬಿರಡೆ ಸವೆದಿದೆ, ದಾರ ಬಿಚ್ಚಿಕೊಂಡಿದೆ ಎಂದೆಲ್ಲ ಹೆಸರಿಟ್ಟು, ಮುನ್ನೂರೈವತ್ತಕ್ಕೆ ಹೊತ್ತುಕೊಂಡು ಹೋದ. ಕೀಲಿಯಣ್ಣ ಸಂಜೆಯೆಲ್ಲ ತನ್ನ ಕೈಗಳನ್ನು ನೋಡಿಕೊಳ್ಳುತ್ತ ಕೂತು, "ಹಳೇ ಸಾಮಾನು ತಾನೇ" ಎಂದ. ಅಷ್ಟೇ. ಅವಳು ಎತ್ತಿಟ್ಟಿದ್ದ ಆ ಎರಡು ನೋಟುಗಳನ್ನು ಹೊರಗೆ ತೆಗೆದಳು.

ಮೂರನೆಯ ಕೋಲಿಗೆ ದಂತವೈದ್ಯೆ ಬರುತ್ತಾಳೆಂದು ಗೊತ್ತಾದಾಗ ಹೆಂಡತಿ, ಒಗೆದ ಬಟ್ಟೆಯ ಬುಟ್ಟಿ ಹಿಡಿದು ಗೇಟಿನ ಹತ್ತಿರ ಹೋಗಿ ನಿಂತಳು. ಒಳಗಿನವರಿಗೆ ಕಾಣದ ಜಾಗ ನೋಡಿ ದಂತವೈದ್ಯೆಯನ್ನು ತಡೆದಳು.

"ಅವ್ರು ಏಳ್ನೂರು ಅಂತಾರೆ. ನೀವು ಒಂಬೈನೂರು ಅನ್ನಿ. ಇಗೋ, ಮೇಲಿನ ಇನ್ನೂರು."

"ಯಾಕೆ ಅತ್ತಿಗೆ?"

"ಯಾಕೆ ಅಂತ ಕೇಳ್ಬೇಡಿ. ಅಷ್ಟೇ ಅನ್ನಿ, ಜಾಸ್ತಿ ಹೇಳಿದ್ರೆ ಅವ್ರಿಗೆ ಅನುಮಾನ ಬರುತ್ತೆ. ಅವ್ರು ಬೇಡ ಅಂತಾರೆ, ನೀವು ಬಿಡ್ಬೇಡಿ."

ಹೀಗೆ ಶುರುವಾದದ್ದು ವರ್ಷವಿಡೀ ನಡೆಯಿತು. ಬೇಕರಿಯವನು ಮನಸ್ಸಾರೆ ಕೊಟ್ಟಿದ್ದ ಆ ಎರಡು ನೋಟುಗಳೇ ಅವಳ ಕೈಯಿಂದ ಗೇಟಿಗೆ, ಗೇಟಿನಿಂದ ಕೀಲಿಯಣ್ಣನ ಕೈಗೆ, ಅವನ ಕೈಯಿಂದ ಮತ್ತೆ ಅವಳ ಅಂಗೈಗೆ ಗಾಣದೆತ್ತಿನಂತೆ ಸುತ್ತು ಹೊಡೆದವು. ಪ್ರತಿ ಸಲವೂ ಅವನು "ಇದು ನಿಂದು" ಎನ್ನುವನು, ಪ್ರತಿ ಸಲವೂ ಅವಳು "ಅಬ್ಬಾ, ಇವತ್ತೂನಾ?" ಎಂದು ಕಣ್ಣರಳಿಸುವಳು. ಅವನು ಮಾರಾಟದ ದಿನ ಗಡ್ಡ ಬೋಳಿಸಿಕೊಳ್ಳತೊಡಗಿದ, ಬೆಲೆಯನ್ನು ಗಟ್ಟಿಯಾಗಿ ಹೇಳತೊಡಗಿದ. ನೆಟ್ಟಗೆ ನಡೆಯತೊಡಗಿದ. ಅವನ ಹೃದಯಕ್ಕೆ ಮಾತ್ರೆಗಿಂತ ಇದೇ ಹೆಚ್ಚು ಹಿಡಿಸಿದಂತೆ ಅವಳಿಗೆ ತೋರುತ್ತಿತ್ತು.

* * *

ನೀರು ಕುಡಿಯುವ ನೆಪದಲ್ಲಿ ಅವಳು ಅಡುಗೆಮನೆಗೆ ಎದ್ದು ಹೋದಳು. ಹಿಂದೆಯೇ ಯಾರೋ ಕೆಮ್ಮಿದರು. ತಿರುಗಿದರೆ ಡ್ರೈವಿಂಗ್ ಸ್ಕೂಲಿನವನು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹಿತ್ತಲ ಬಾಗಿಲಿನಿಂದ ಒಳಗೆ ಬಂದಿದ್ದ.

"ಅತ್ತಿಗೆ, ಇದು ಹೊತ್ತಲ್ಲ, ಗೊತ್ತು."

"ಏನಪ್ಪ?"

"ಅಣ್ಣನ ಹಾಗೆ ಇನ್ನೊಬ್ಬ ಸಿಗಲ್ಲ. ಅದು ಬಿಡಿ. ಅಂದ್ರೆ, ಅದು ಬಿಡೋ ಮಾತಲ್ಲ." ಅವನು ಬಾಗಿಲ ಕಡೆ ನೋಡಿ ಧ್ವನಿ ಇಳಿಸಿದ. "ಆ ಕೋಲಿಗೆ ನಾನು ಮೂರು ಸಾವಿರ ಕೊಡ್ತೀನಿ. ಅವ್ರಿಬ್ರಿಗೂ ಹೇಳ್ಬೇಡಿ."

ಅವಳು ಅವನ ಮುಖವನ್ನೇ ನೋಡಿದಳು. ಮೊದಲು ಬಂದ ಯೋಚನೆ ಎಂಥದು ನೋಡಿ: ಇವನಿಗೆ ಮೇಲಿನ ದುಡ್ಡು ನಾನು ಯಾವಾಗ ಕೊಟ್ಟೆ? ವರ್ಷದ ರೂಢಿ. ಸೊಂಟದ ಚೀಲಕ್ಕೆ ಕೈ ಹಾಕಿದಳು. ಎರಡೂ ನೋಟು ಅಲ್ಲೇ ಇದ್ದವು, ಬೆವರಿಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅಂದಮೇಲೆ ಇವನು ಹೇಳುತ್ತಿರುವುದು ತನ್ನ ಸ್ವಂತ ಜೇಬಿನಿಂದ. ಮುನ್ನೂರೈವತ್ತಕ್ಕೆ ಕೋಲು ಹೊತ್ತುಕೊಂಡು ಹೋದ ಆಸಾಮಿ.

"ಅವ್ರು ಎಷ್ಟು ಹೇಳಿದ್ರು ಗೊತ್ತಾ ನಿಮಗೆ?" ಎಂದು ಕೇಳಿದಳು.

"ಎರಡು ಸಾವಿರ. ಗೊತ್ತು."

"ಗೊತ್ತಿದ್ದೂ ಮೂರು ಅಂತೀರಾ? ಪಾಪ ಅಂತಾನಾ?"

"ಯಾರು ಪಾಪ?" ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಅತ್ತಿಗೆ, ಮೀನು ಗಾಳದ ಮುಳ್ಳಿನ ಹತ್ತಿರ ಬಂದು ಮೂಸಿ ನೋಡಿ ಹೋಗುತ್ತಲ್ಲ, ಬೇರೆ ಕೋಲಲ್ಲಿ ಅದು ಗೊತ್ತೇ ಆಗಲ್ಲ. ಆ ಕೋಲಲ್ಲಿ ಕೈಗೆ ತಿಳಿಯುತ್ತೆ. ಎಷ್ಟು ವರ್ಷ ಅಣ್ಣನ ಪಕ್ಕ ಕೂತು ಹೊಟ್ಟೆ ಉರ್ಕೊಂಡಿದೀನಿ. ಅವ್ರ ಬುಟ್ಟಿ ತುಂಬೋದು, ನನ್ನ ಬುಟ್ಟಿ ಖಾಲಿ. ಮೂರು ಸಾವಿರದ ಇನ್ನೂರು. ಆಯ್ತಾ?"

ಅವಳು ಇನ್ನೂ ಏನೂ ಹೇಳಿರಲಿಲ್ಲ. ತಾನು ಹೇಳಿದ ಬೆಲೆಯನ್ನು ತಾನೇ ಏರಿಸಿಕೊಂಡಿದ್ದ. ಮರುಕಪಟ್ಟು ಬಂದವನು ಹೀಗೆ ಕಳ್ಳ ಬೆಕ್ಕಿನಂತೆ ಹಿತ್ತಲಿನಿಂದ ನುಗ್ಗುವುದಿಲ್ಲ. ಇದು ಆಸೆ, ಅಪ್ಪಟ ಆಸೆ. ಅವಳಿಗೆ ಅವನ ಬಿಗಿಮುಷ್ಟಿಯ ಮೇಲೆ ಒಮ್ಮೆಲೇ ಅಕ್ಕರೆ ಉಕ್ಕಿತು.

"ನೋಡೋಣ," ಎಂದಳು.

* * *

ನಿನ್ನೆ ಸಂಜೆ ಅವಳು ಗೇಟಿನ ಹತ್ತಿರವೇ ಇದ್ದಳು.

ಉಳಿದದ್ದು ಅದೊಂದೇ ಕೋಲು. ಅದನ್ನು ಮಾರುವುದಿಲ್ಲ ಎಂದೇ ಹೇಳುತ್ತಿದ್ದವನು ಮೊನ್ನೆ ಮನಸ್ಸು ಬದಲಿಸಿದ್ದ. "ದುಡ್ಡಿಗಲ್ಲ ಕಣೇ. ಇದಕ್ಕೆ ಎಷ್ಟು ಬರುತ್ತೆ ಅಂತ ನೋಡ್ಬೇಕು. ಎರಡು ಸಾವಿರ ಅಂತೀನಿ. ಧೈರ್ಯ ಮಾಡಿ ಅಂದುಬಿಡ್ತೀನಿ," ಎಂದು ದಂತವೈದ್ಯೆಗೆ ಫೋನು ಮಾಡಿದ್ದ.

ದಂತವೈದ್ಯೆ ಬರುವ ಹೊತ್ತು ಮೀರಿತ್ತು. ಯಾರದೋ ದವಡೆಹಲ್ಲು ಅವಳನ್ನು ತಡೆದಿತ್ತು. ಕೀಲಿಯಣ್ಣ ನಡುಮನೆಯ ಕುರ್ಚಿಯಲ್ಲಿ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಒಮ್ಮೆ ಒಳಗಿನಿಂದ ಕೂಗಿದ.

"ಬಂದ್ರೇನೇ?"

"ಇನ್ನೂ ಇಲ್ಲ ರೀ. ಬರ್ತಾರೆ."

ಇನ್ನಷ್ಟು ಹೊತ್ತು ನಿಂತಳು. ಒಳಗೆ ಹೋದರೆ ಆ ಸಮಯದಲ್ಲೇ ದಂತವೈದ್ಯೆ ಬಂದುಬಿಟ್ಟರೆ? ಮೇಲಿನ ಇನ್ನೂರು ಇಲ್ಲದೆ ಒಳಗೆ ಹೋಗಿ ಎರಡು ಸಾವಿರಕ್ಕೆ ಎರಡೇ ಅಂದುಬಿಟ್ಟರೆ? ಅದೇ ಭಯಕ್ಕೆ ಕಾಲು ಗೇಟು ಬಿಟ್ಟು ಕದಲಲಿಲ್ಲ. ಕತ್ತಲಾಗುತ್ತ ಬಂದಾಗ ದೀಪ ಹಾಕಲೆಂದು ಒಳಗೆ ಹೋದಳು. ಅವನ ತಲೆ ಒಂದು ಪಕ್ಕಕ್ಕೆ ವಾಲಿತ್ತು. ಕೈ ಹಿಡಿಕೆಯ ಮೇಲೇ ಇತ್ತು.

ಬೆಳಗಿನಿಂದ ಅವಳನ್ನು ತಿನ್ನುತ್ತಿದ್ದದ್ದು ಇದೇ. ಗಂಡ ಒಳಗೆ ಒಬ್ಬನೇ ಪ್ರಾಣ ಬಿಡುವಾಗ ತಾನು ಹೊರಗೆ ನಿಂತು ಸುಳ್ಳು ಬೆಲೆ ಹೊಂದಿಸುತ್ತಿದ್ದಳು. ವರ್ಷವಿಡೀ ಅವನು ಕುಣಿದದ್ದು ಸುಳ್ಳಿಗೆ. ನಿಜವಾಗಿ ಒಬ್ಬರಿಗಾದರೂ ಅವನ ಕೈಕೆಲಸ ಅಷ್ಟು ಬೇಕಾಗಿತ್ತೇ? ಇನ್ನು ಯಾರನ್ನು ಕೇಳುವುದು?

* * *

ನಡುಮನೆಗೆ ಮರಳಿದಾಗ ಅಲ್ಲಿ ಮೂವರೂ ಕೋಲಿನ ಮೂಲೆಯಲ್ಲೇ ಗುಂಪಾಗಿದ್ದರು. ಸಾಂತ್ವನ ಹೇಳಲು ಬಂದವರು ಹೆಣದ ಕಡೆ ಮುಖ ಮಾಡಿರುತ್ತಾರೆ. ಇವರು ಹೆಣಕ್ಕೆ ಬೆನ್ನು ಹಾಕಿ ನಿಂತಿದ್ದರು.

"ಹಿಡಿಕೆ ಹತ್ರ ಸೀಳು ಬಿಟ್ಟಿದೆ ನೋಡಿ, ಬಾಳಿಕೆ ಬರಲ್ಲ," ಎನ್ನುತ್ತಿದ್ದ ಡ್ರೈವಿಂಗ್ ಸ್ಕೂಲಿನವನು, ಬೇರೆಯವರ ಮನಸ್ಸು ಕೆಡಿಸಲು.

"ಎಲ್ಲಿ ಸೀಳು? ನಿಮ್ಮ ಕಣ್ಣಲ್ಲಿ ಸೀಳು," ಎಂದ ಬೇಕರಿಯವನು. "ಮೂರೂವರೆ ನಂದು."

"ನಾಲ್ಕು," ಎಂದಳು ದಂತವೈದ್ಯೆ.

"ಡಾಕ್ಟ್ರೇ, ನಿಮಗೆ ಆಗ್ಲೇ ಒಂದು ಕೋಲು ಸಿಕ್ಕಿದೆ. ಆಸೆಗೂ ಒಂದು ಮಿತಿ ಇರುತ್ತೆ."

"ನಿಮಗೂ ಸಿಕ್ಕಿದೆ. ಮೊದಲ್ನೇದೇ ನಿಮಗೆ ಸಿಕ್ಕಿದ್ದು."

ಕೀಲಿಯಣ್ಣನ ಅಣ್ಣ, ಅವಳ ಭಾವ, ಕೋಲನ್ನು ಕಿತ್ತುಕೊಂಡು ತಮ್ಮ ಕುರ್ಚಿಯ ಹಿಂದೆ ಇಟ್ಟುಕೊಂಡರು. "ಇದೇನು ಸಂತೆಯಾ? ನನ್ನ ತಮ್ಮ ಇನ್ನೂ ಮನೇಲೇ ಇದಾನೆ. ಎಲ್ಲಾ ಮುಗಿಯೋ ತನಕ ಕೋಲಿನ ವಿಷಯ ಯಾರೂ ಎತ್ತಕೂಡ್ದು. ಹೆಗಲು ಕೊಡೋಕೆ ಬಂದಿದೀರೋ, ಕೋಲು ಕೊಳ್ಳೋಕೆ ಬಂದಿದೀರೋ?"

ಮೂವರೂ ತಪ್ಪಾಯಿತೆಂದು ತಲೆ ತಗ್ಗಿಸಿದರು. ಆದರೆ ತಗ್ಗಿಸಿದ ತಲೆಯಡಿಯಿಂದಲೇ ಮೂರು ಜೊತೆ ಕಣ್ಣುಗಳು ಕುರ್ಚಿಯ ಹಿಂದೆ ಇಣುಕುತ್ತಿದ್ದವು. ಅವಳಿಗೆ ನಗು ಬಂತು. ಮಗಳು ಗಾಬರಿಯಿಂದ ತೋಳು ಹಿಡಿದಳು.

"ಅಮ್ಮಾ, ನಗ್ತಿದೀಯಾ? ಏನಾಯ್ತು ನಿನಗೆ?"

"ನಾಲ್ಕು ಅಂದ್ರು ಕಣೇ. ಕೇಳಿಸ್ತಾ? ಅಪ್ಪ ಕೇಳಿದ್ದು ಎರಡು."

ದಂತವೈದ್ಯೆ ಮೆಲ್ಲಗೆ ಪಕ್ಕಕ್ಕೆ ಬಂದು ಕೂತಳು.

"ಅತ್ತಿಗೆ, ಒಂದು ಮಾತು. ಅವತ್ತು ಗೇಟಿನ ಹತ್ರ ನನ್ನ ತಡೆದ್ರಲ್ಲ. ಒಂಬೈನೂರು ಅನ್ನಿ, ಅದಕ್ಕಿಂತ ಜಾಸ್ತಿ ಬೇಡ ಅಂದ್ರಿ."

"ಹೂಂ. ಇಲ್ಲಿ ಯಾರಿಗೂ ಹೇಳ್ಬೇಡಿ."

"ನಾನು ಅವತ್ತು ಸಾವಿರದೈನೂರು ತಂದಿದ್ದೆ. ಅಷ್ಟೂ ಕೊಡೋಣ ಅಂತಲೇ. ನೀವು ಮಿತಿ ಹಾಕಿದ್ರಿ, ಮೀರೋಕೆ ಆಗ್ಲಿಲ್ಲ. ಆಮೇಲೆ ಬಂದೋರೆಲ್ಲ ಕೆರೆ ಹತ್ರ ಇದೇ ಹೇಳ್ತಿದ್ರು. ಅತ್ತಿಗೆ ಹೇಳಿದಷ್ಟೇ ಹೇಳ್ಬೇಕು, ಏರಿಸಿದ್ರೆ ಅಣ್ಣಂಗೆ ಅನುಮಾನ ಬರುತ್ತೆ ಅಂತ."

ಇದು ಸಮಾಧಾನಕ್ಕೆ ಹೇಳುವ ಮಾತಿರಬಹುದೇ? ದಂತವೈದ್ಯೆಯ ಮುಖ ನೋಡಿದಳು. ಆ ಮುಖ ಇವಳ ಕಡೆ ತಿರುಗಿರಲೇ ಇಲ್ಲ, ಭಾವನ ಕುರ್ಚಿಯ ಹಿಂದೆ ಕೋಲು ಎಲ್ಲಿ ಜಾರಿ ಬೀಳುತ್ತದೋ ಎಂದು ನೋಡುತ್ತಿತ್ತು. ಸುಳ್ಳು ಹೇಳಲೂ ಒಂದಿಷ್ಟು ವ್ಯವಧಾನ ಬೇಕಲ್ಲ.

ಅಯ್ಯೋ ಎನಿಸಿತು. ಬೆಲೆ ಏರಿಸಲು ಗೇಟಿಗೆ ಹೋಗಿ ನಿಂತವಳು ಬೆಲೆಗೆ ಬೇಲಿ ಹಾಕಿಬಿಟ್ಟಿದ್ದಳು. ತಾನು ಬಟ್ಟೆ ಬುಟ್ಟಿ ಹಿಡಿದು ಗೇಟಿಗೆ ಹೋಗದೆ ಒಳಗೇ ಇದ್ದಿದ್ದರೆ ಅವನು ಇನ್ನೆಷ್ಟು ಕುಣಿದುಕೊಂಡು ಅಡುಗೆಮನೆಗೆ ಓಡಿ ಬರುತ್ತಿದ್ದನೋ. ಅವನ ಪಾದದ ಹತ್ತಿರ ಹೋಗಿ ಕೂತು, ತಣ್ಣಗಾದ ಬೆರಳುಗಳನ್ನು ಹಿಡಿದುಕೊಂಡು ಗಟ್ಟಿಯಾಗಿ ಅತ್ತಳು. ಸಂಕಟಕ್ಕೂ ಅತ್ತಳು. ಆದರೆ ಆ ಸಂಕಟದ ಕೆಳಗೆ ಏನೋ ಪುಟಿಯುತ್ತಿತ್ತು, ಅದನ್ನು ಅದುಮಿಡಲು ಅವಳಿಂದ ಆಗಲಿಲ್ಲ. ಅವನ ಕುಣಿತ ಸುಳ್ಳಿಗಲ್ಲ. ಕುಣಿಯಬೇಕಾದ್ದಕ್ಕಿಂತ ಅವನು ಕಡಿಮೆಯೇ ಕುಣಿದಿದ್ದ.

* * *

ಚಟ್ಟ ಎತ್ತಿದಾಗ ಬಿಸಿಲು ಏರಿತ್ತು. ಮುಂದಿನ ಎರಡು ತುದಿಗೆ ಬೇಕರಿಯವನು, ಡ್ರೈವಿಂಗ್ ಸ್ಕೂಲಿನವನು ಹೆಗಲು ಕೊಟ್ಟರು. ಹಿಂದೆ ಒಂದು ಕಡೆ ವಯಸ್ಸಾಯಿತು ಬೇಡ ಎಂದರೂ ಕೇಳದ ಭಾವ, ಇನ್ನೊಂದು ಕಡೆ ಬಿಳಿ ಕೋಟಿನ ತೋಳು ಮಡಿಸಿಕೊಂಡ ದಂತವೈದ್ಯೆ. ಪಕ್ಕದಲ್ಲಿ ಕೀಲಿಯಣ್ಣನ ಹೆಂಡತಿ, ಕೈಯಲ್ಲಿ ಕೋಲು. ಖಾಲಿ ಮನೆಯಲ್ಲಿ ಬಿಟ್ಟು ಬರಲು ಭಾವನಿಗೆ ಧೈರ್ಯವಾಗದೆ ಅವರೇ ಕೊಟ್ಟಿದ್ದರು. ಸ್ಮಶಾನ ಇದ್ದದ್ದು ಬೀದಿಯ ಆ ಕೊನೆಗೆ.

ಔಷಧಿ ಅಂಗಡಿ ದಾಟುವ ತನಕ ಎಲ್ಲರೂ ಮೌನವಾಗಿ ನಡೆದರು. ದಾಟಿದ ಮೇಲೆ ಬೇಕರಿಯವನ ತುಟಿ ಅಲುಗಿತು.

"ನಾಲ್ಕು ಸಾವಿರದ ಇನ್ನೂರು," ಎಂದ, ಹೆಣದ ಆಚೆ ಇದ್ದವನಿಗೆ ಮಾತ್ರ ಕೇಳುವಂತೆ.

"ಮುಗಿಯೋ ತನಕ ಮಾತಾಡ್ಬಾರ್ದು ಅಂದಿದಾರೆ," ಎಂದ ಡ್ರೈವಿಂಗ್ ಸ್ಕೂಲಿನವನು. ನಾಲ್ಕು ಹೆಜ್ಜೆ ತಡೆದ. "ನಾಲ್ಕೂವರೆ."

"ಐದು," ಎಂದು ಹಿಂದಿನಿಂದ ದಂತವೈದ್ಯೆಯ ಧ್ವನಿ ಬಂತು, ಏದುಸಿರಿನ ನಡುವೆ.

ಭಾವ ನಿಂತೇಬಿಟ್ಟರು. ಚಟ್ಟ ಓಲಾಡಿತು. "ಹೆಣ ಹೊತ್ಕೊಂಡು ವ್ಯಾಪಾರ ಮಾಡ್ತೀರಲ್ರಯ್ಯಾ, ಮನುಷ್ಯರಾ ನೀವು? ನೋಡಮ್ಮ, ನೀನಾದ್ರೂ ಹೇಳು ಇವ್ರಿಗೆ."

ಎಲ್ಲರೂ ಅವಳ ಕಡೆ ನೋಡಿದರು. ಮೂವರು ಬೆವರಿನಲ್ಲಿ, ನಾಚಿಕೆಯಲ್ಲಿ ಕೆಂಪಾಗಿದ್ದರು. ಬಾಯಿ ಮುಚ್ಚಿ ಎಂದರೆ ಮುಚ್ಚಲು ಸಿದ್ಧರಾಗಿದ್ದರು. ಅವಳು ಕಣ್ಣೊರೆಸಿಕೊಂಡು ಚಟ್ಟದ ತಲೆಯ ಕಡೆಗೆ ಸರಿದು ನಿಂತಳು.

"ಪಿಸುಗುಟ್ಬೇಡಿ," ಎಂದಳು. "ಜೋರಾಗಿ ಹೇಳಿ. ಮತ್ತೆ ಸ್ವಲ್ಪ ನಿಧಾನ ನಡೀರಿ ಭಾವ, ಅವಸರ ಏನಿದೆ?"

ಬೇಕರಿಯವನು ಭಾರವನ್ನು ಹೆಗಲ ಮೇಲೆ ಸರಿಯಾಗಿ ಕೂರಿಸಿಕೊಂಡು, ಗಂಟಲು ಸರಿಮಾಡಿ, ರೊಟ್ಟಿ ಮಾರುವ ಧ್ವನಿಯಲ್ಲಿ ಇಡೀ ಬೀದಿಗೆ ಕೇಳುವಂತೆ ಕೂಗಿದ.

"ಐದೂವರೆ."

ಚಟ್ಟ ಮತ್ತೆ ಹೊರಟಿತು. ಮುಂದಿನಿಂದ ಒಂದು ಬೆಲೆ, ಹಿಂದಿನಿಂದ ಒಂದು ಬೆಲೆ, ಕೀಲಿಯಣ್ಣನ ಎರಡೂ ಕಿವಿಗಳ ಪಕ್ಕದಲ್ಲೇ ಏರುತ್ತ ಹೋಯಿತು. ಭಾವ ಬೈಯುತ್ತಲೇ ಹೆಜ್ಜೆ ಸಣ್ಣದು ಮಾಡಿದರು. ಅವಳು ಅವನ ಮುಖದ ಮೇಲೆ ಬಿದ್ದಿದ್ದ ಬಟ್ಟೆಯ ಅಂಚನ್ನು ಕಿವಿಯ ಹತ್ತಿರ ಸ್ವಲ್ಪ ಸರಿಸಿ, ಪಕ್ಕದಲ್ಲೇ ನಡೆಯತೊಡಗಿದಳು.